ಮಾಜುಲಿಗೆ ಇಬ್ಬರೇ ಹೋಗಬೇಕು

ಗಂಡ ಹೆಂಡತಿ ಇಬ್ಬರೇ ನಾಲ್ಕು ದಿನ ಎಲ್ಲಾದರೂ ಹೋಗಿ ನಿಶ್ಚಿಂತೆಯಿಂದ ಇದ್ದು ಬರೋಣ ಎಂದು ಯೋಚಿಸುವ ಮನೆಗಳಲ್ಲಿ ದ್ವೀಪದ ಮಾತು ಬಂದೇ ಬರುತ್ತದೆ. ಅಂಡಮಾನ್ ಇರಲಿ, ಬಾಲಿ ಇರಲಿ, ಮಾಲ್ಡೀವ್ಸ್ ಇರಲಿ, ಕಣ್ಣ ಮುಂದೆ ಬರುವುದು ಕಡಲು, ಮರಳು, ತೆಂಗಿನ ಮರ. ಬರೀ ಕಡಲು ನೋಡಿ ಬರುವುದಾದರೆ ಜೊತೆಯಲ್ಲಿ ಎಷ್ಟು ಜನ ಇದ್ದಾರೆ ಎಂಬುದು ಅಂಥ ದೊಡ್ಡ ಪ್ರಶ್ನೆಯಲ್ಲ. ಆದರೆ ಆ ನೆಲದ ಕಲೆಯನ್ನು ಹತ್ತಿರದಿಂದ ನೋಡಬೇಕು, ಆ ಜನ ಉಣ್ಣುವುದನ್ನೇ ಅವರ ಜೊತೆ ಕೂತು ಉಣ್ಣಬೇಕು ಎಂಬ ಆಸೆ ಇದ್ದವರಿಗೆ ಲೆಕ್ಕ ಬೇರೆಯಾಗುತ್ತದೆ. ಆಗ ಎಷ್ಟು ಜನ ಹೋಗುತ್ತೀರಿ, ಎಷ್ಟು ರಾತ್ರಿ ಉಳಿಯುತ್ತೀರಿ ಎಂಬ ಎರಡು ಪ್ರಶ್ನೆಗಳೇ ಮುಖ್ಯವಾಗುತ್ತವೆ. ಇವತ್ತು ನಾನು ಮಾತಾಡಹೊರಟಿರುವುದು ಅಸ್ಸಾಮಿನ ಬ್ರಹ್ಮಪುತ್ರಾ ನದಿಯ ನಡುವೆ ಇರುವ ಮಾಜುಲಿ ದ್ವೀಪದ ಬಗ್ಗೆ. ನನ್ನ ವಾದ ಇಷ್ಟು: ಇಬ್ಬರಾಗಿ ಹೋಗುವುದು, ಅವಸರವಿಲ್ಲದೆ ಕೆಲವು ರಾತ್ರಿ ತಂಗುವುದು ಮಾಜುಲಿಯಲ್ಲಿ ಬರೀ ಸುಖದ ಮಾತಲ್ಲ. ಅಲ್ಲಿನ ಕಲೆಗೂ ಅಡುಗೆಗೂ ಇರುವ ಅಳತೆಯೇ ಅದು. ಆ ಅಳತೆ ಮೀರಿ ಹೋದವರಿಗೆ ಅಲ್ಲಿ ಕಾಣುವುದು ಕಡಿಮೆ, ಅವರಿಂದ ಆಗುವ ತೊಂದರೆ ಹೆಚ್ಚು.

ಮೊದಲು ಈ ನೆಲ ಎಂಥದ್ದು ಎಂದು ತಿಳಿಯಬೇಕು. ದಕ್ಷಿಣಕ್ಕೆ ಬ್ರಹ್ಮಪುತ್ರಾ, ಉತ್ತರಕ್ಕೆ ಸುಬನ್‌ಸಿರಿ ಮತ್ತು ಬ್ರಹ್ಮಪುತ್ರೆಯದೇ ಕವಲಾದ ಖೇರ್ಕುಟಿಯಾ. ಹಿಂದೆ ಇದು ಎರಡು ನದಿಗಳ ನಡುವೆ ಉದ್ದಕ್ಕೆ ಚಾಚಿದ್ದ ಭೂಮಿ. ಭೂಕಂಪಗಳೂ ಮಹಾಪೂರಗಳೂ ಬಂದು ನದಿ ದಾರಿ ಬದಲಿಸಿದಾಗ ನಾಲ್ಕೂ ಕಡೆ ನೀರಾಗಿ ದ್ವೀಪವಾಯಿತು. 2011ರ ಜನಗಣತಿಯಲ್ಲಿ ಇಲ್ಲಿದ್ದವರು 1,67,304 ಜನ. 2016ರಲ್ಲಿ ಮಾಜುಲಿ ಒಂದು ಜಿಲ್ಲೆಯಾಯಿತು. ನದಿದ್ವೀಪವೊಂದು ತಾನೇ ಜಿಲ್ಲೆಯಾದದ್ದು ದೇಶದಲ್ಲಿ ಅದೇ ಮೊದಲು. ಅದೇ ವರ್ಷ ಗಿನ್ನೆಸ್ ದಾಖಲೆಯವರು 880 ಚದರ ಕಿಲೋಮೀಟರ್ ಎಂದು ಬರೆದುಕೊಂಡು ಜಗತ್ತಿನ ಅತಿ ದೊಡ್ಡ ನದಿದ್ವೀಪ ಎಂಬ ಪಟ್ಟ ಕೊಟ್ಟರು. ಪಟ್ಟದ ಮಾತು ಹಾಗಿರಲಿ. ಹಳೆಯ ದಾಖಲೆಗಳಲ್ಲಿ ಸುಮಾರು 1,250 ಚದರ ಕಿಲೋಮೀಟರ್ ಇದ್ದ ದ್ವೀಪ, ಮರಳುದಿಬ್ಬಗಳನ್ನು ಬಿಟ್ಟು ಜನ ಬಾಳುವ ನೆಲವನ್ನು ಮಾತ್ರ ಅಳೆದರೆ, ಇವತ್ತು ಅದರ ಅರ್ಧಕ್ಕೂ ಕಡಿಮೆ. 1950ರ ಆಗಸ್ಟ್ 15ರ ಮಹಾಭೂಕಂಪ ಮೇಲಿನ ಗುಡ್ಡಗಳನ್ನು ಕುಸಿಯುವಂತೆ ಮಾಡಿ ನದಿಯ ಪಾತ್ರದಲ್ಲಿ ಹೂಳು ತುಂಬಿತು. ಅಲ್ಲಿಂದ ಮುಂದೆ ನದಿ ಅಗಲವಾಗುತ್ತಾ, ದಡವನ್ನು ಕೊರೆಯುತ್ತಾ ಬಂದಿದೆ. ಮಾಜುಲಿಯ ಮಣ್ಣು ಕಲ್ಲಿಲ್ಲದ ಮೆಕ್ಕಲು ಮಣ್ಣು. ಕೆಳಗಿನ ಮರಳು ಜಾರಿತೆಂದರೆ ಮೇಲಿನ ತೋಟ, ಮನೆ, ದಾರಿ ಎಲ್ಲವೂ ಒಟ್ಟಿಗೆ ಜಾರುತ್ತವೆ. ಇಲ್ಲಿನ ಜನ ಏನನ್ನು ಕಟ್ಟಿದರೂ, ಏನನ್ನು ಬೇಯಿಸಿದರೂ, ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡುತ್ತಾರೆ.

ಕಲೆಯ ಮಾತಿಗೆ ಬಂದರೆ, ಮಾಜುಲಿಯಲ್ಲಿ ಅದು ಹುಟ್ಟಿದ್ದೂ ಉಳಿದದ್ದೂ ಸತ್ರಗಳಲ್ಲಿ, ಅಂದರೆ ವೈಷ್ಣವ ಮಠಗಳಲ್ಲಿ. 1449ರಿಂದ 1568ರವರೆಗೆ ಬದುಕಿದರೆಂದು ಹೇಳುವ ವೈಷ್ಣವ ಸಂತ ಶ್ರೀಮಂತ ಶಂಕರದೇವರು ಮಾಜುಲಿಯ ಧುವಾಹಾಟ್-ಬೆಲಗುರಿಯಲ್ಲಿ ಕೆಲವು ವರ್ಷ ನೆಲೆಸಿದ್ದರು. ಅವರ ದೊಡ್ಡ ಶಿಷ್ಯ ಮಾಧವದೇವರು ಅವರನ್ನು ಕಂಡದ್ದು ಅಲ್ಲೇ. ಮಾಧವದೇವರು ಅಲ್ಲಿಯವರೆಗೆ ಶಾಕ್ತರು. ವಾದಕ್ಕೆಂದು ಬಂದು ಶಿಷ್ಯರಾಗಿ ನಿಂತರು. ಆ ಭೇಟಿಯನ್ನು ಅಸ್ಸಾಮಿನವರು ಇಂದಿಗೂ ಮಣಿಕಾಂಚನ ಸಂಯೋಗ ಎಂದು ನೆನೆಯುತ್ತಾರೆ. ಆ ಊರಿನ ಮೂಲ ಸ್ಥಳ ಈಗ ನದಿಯ ಪಾಲು. ಮುಂದೆ ಅಸ್ಸಾಮನ್ನು ಆಳಿದ ಅಹೋಂ ಅರಸರ ಆಶ್ರಯದಲ್ಲಿ ಔನಿಆಟಿ, ಗರಮೂರ್, ದಕ್ಷಿಣಪಾಟ್, ಕಮಲಾಬಾರಿ ಮೊದಲಾದ ಸತ್ರಗಳು ಬೆಳೆದವು. ಔನಿಆಟಿಯ ಸ್ಥಾಪನೆ 1653ರದು. ಒಂದು ಕಾಲಕ್ಕೆ ದ್ವೀಪದಲ್ಲಿ ಅರವತ್ತಕ್ಕೂ ಹೆಚ್ಚು ಸತ್ರಗಳಿದ್ದವು. ಇಂದು ಉಳಿದಿರುವುದು ಇಪ್ಪತ್ತೆರಡರಷ್ಟು. ಮಿಕ್ಕವು ದಡ ಕುಸಿದಂತೆಲ್ಲ ಆಚೆ ದಡಕ್ಕೆ ಹೋಗಿ ನೆಲೆ ಕಂಡುಕೊಂಡವು. ಸತ್ರದ ನಡುವೆ ನಾಮಘರ್ ಎಂಬ ಉದ್ದನೆಯ ಪ್ರಾರ್ಥನಾ ಮಂದಿರ, ಅದರ ಕೊನೆಗೆ ಮಣಿಕೂಟ ಎಂಬ ಗರ್ಭಗೃಹ. ಸುತ್ತಲೂ ನಾಲ್ಕು ಸಾಲು ಕೋಣೆಗಳು. ಅವುಗಳಿಗೆ ಹಾಟಿ ಎನ್ನುತ್ತಾರೆ. ಬ್ರಹ್ಮಚರ್ಯ ಪಾಲಿಸುವ ಸತ್ರಗಳಲ್ಲಿ ಒಬ್ಬೊಬ್ಬ ಹಿರಿಯ ಭಕತನ, ಅಂದರೆ ಸತ್ರವಾಸಿ ಭಕ್ತನ, ಕೋಣೆಯಲ್ಲಿ ಚಿಕ್ಕ ಹುಡುಗರು ಬೆಳೆಯುತ್ತಾರೆ. ಖೋಲ್ ಎಂಬ ಮದ್ದಲೆ ಬಾರಿಸುವುದು, ಹೆಜ್ಜೆ ಹಾಕುವುದು, ಅಡುಗೆ ಮಾಡುವುದು, ಬುಟ್ಟಿ ಹೆಣೆಯುವುದು, ಎಲ್ಲವನ್ನೂ ಒಂದೇ ಅಂಗಳದಲ್ಲಿ ಕಲಿಯುತ್ತಾರೆ. 2000ನೇ ಇಸವಿಯಲ್ಲಿ ಸಂಗೀತ ನಾಟಕ ಅಕಾಡೆಮಿ ಶಾಸ್ತ್ರೀಯ ನೃತ್ಯವೆಂದು ಮಾನ್ಯ ಮಾಡಿದ ಸತ್ರಿಯ ನೃತ್ಯದ ಬೇರು ಈ ಅಂಗಳದಲ್ಲಿದೆ. ಸಂಜೆ ನಾಮಘರ್‌ನ ನೆಲದ ಮೇಲೆ ಗೋಡೆಗೆ ಹತ್ತಿರವಾಗಿ ಕೂತು ಗಾಯನ-ಬಾಯನ ಎಂಬ ಹಾಡು-ವಾದ್ಯದ ಮೇಳ ಕೇಳುವ ಇಬ್ಬರು ಅಲ್ಲಿದ್ದವರಿಗೆ ಭಾರವಲ್ಲ. ನಲವತ್ತು ಜನರ ತಂಡ ಬಂದು ಕೂತಾಗ ಹಾಡುವ ಹುಡುಗರ ಕಣ್ಣು ದೇವರ ಕಡೆಯಿಂದ ಕ್ಯಾಮೆರಾದ ಕಡೆ ತಿರುಗುತ್ತದೆ. ತಂಡದವರು ಒಳ್ಳೆಯವರೇ ಇರಬಹುದು, ಸದ್ದು ಮಾಡದೆಯೂ ಇರಬಹುದು. ಆದರೂ ಪ್ರಾರ್ಥನೆ ಆ ಕ್ಷಣಕ್ಕೆ ಪ್ರದರ್ಶನವಾಗುತ್ತದೆ.

ಚಾಮಾಗುರಿ ಸತ್ರದ ಮುಖವಾಡದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ನನ್ನ ವಾದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಇದು ಗೃಹಸ್ಥರ ಸತ್ರ. ಹಾಗಾಗಿ ಮುಖವಾಡದ ಕಾರ್ಯಶಾಲೆ ಎಂದರೆ ಮನೆಯ ಅಂಗಳ, ಮನೆಯ ಜಗಲಿ. ಮೊದಲು ಬಿದಿರನ್ನು ಸೀಳಿ ನೀರಲ್ಲಿ ನೆನೆಸುತ್ತಾರೆ. ಸಣ್ಣ ಸಲಾಕೆಗಳನ್ನು ಆರು ಮೂಲೆಯ ಕಣ್ಣುಗಳು ಬರುವಂತೆ ಹೆಣೆದು ತಲೆಯ ಆಕಾರ ತರುತ್ತಾರೆ. ಕುಂಬಾರರ ಜಿಗುಟು ಮಣ್ಣನ್ನು ಕಲಸಿ ಅದರಲ್ಲಿ ಬಟ್ಟೆ ಅದ್ದಿ ಆ ಹೆಣಿಗೆಯ ಮೇಲೆ ಅಂಟಿಸುತ್ತಾರೆ, ಬಿಸಿಲಿಗಿಡುತ್ತಾರೆ. ಒಣಗಿದ ಮೇಲೆ ಮಣ್ಣಿಗೆ ಸೆಗಣಿ ಸೇರಿಸಿ ಮೂಗು, ಹುಬ್ಬು, ಕೆನ್ನೆ, ತುಟಿ ತಿದ್ದುತ್ತಾರೆ. ಸೆಗಣಿ ಸೇರಿದರೆ ಮಣ್ಣು ಬಿರುಕು ಬಿಡುವುದಿಲ್ಲ, ಹಗುರವೂ ಆಗುತ್ತದೆ. ಮತ್ತೆ ಬಿಸಿಲು. ಅರೆಬರೆ ಒಣಗಿದಾಗ ಬಿದಿರಿನ ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಮತ್ತೊಂದು ಪದರ ಬಟ್ಟೆ, ಮತ್ತೆ ಬಿಸಿಲು, ಕಡೆಗೆ ಬಣ್ಣ. ಹಳೆಯ ಕ್ರಮದಲ್ಲಿ ಕೆಂಪಿಗೆ ಹೆಂಗೂಲ್ ಎಂಬ ಇಂಗಲೀಕ, ಹಳದಿಗೆ ಹೈತಾಲ್ ಎಂಬ ಹರಿತಾಳ. ಮುಖಕ್ಕೆ ಮಾತ್ರ ಕಟ್ಟುವ ಮುಖವಾಡ ಒಂದು ಬಗೆ. ದವಡೆಯನ್ನೋ ಕೈಯನ್ನೋ ಆಡಿಸಲು ಬರುವ ಲೋಟೋಕಾಯಿ ಇನ್ನೊಂದು. ಆಳೆತ್ತರಕ್ಕೂ ಮೀರಿ ಮೈಯನ್ನೆಲ್ಲ ಆವರಿಸುವ ಬೊರ್‌ಮುಖಾ ಮೂರನೆಯದು. ಒಂದು ಸಾಧಾರಣ ಮುಖವಾಡಕ್ಕೂ ಹತ್ತು ಹದಿನೈದು ದಿನ ಹಿಡಿಯುತ್ತದೆ, ಅದರಲ್ಲಿ ಬಹುಪಾಲು ದಿನ ಕೈ ಸುಮ್ಮನಿದ್ದು ಬಿಸಿಲು ಕೆಲಸ ಮಾಡುತ್ತದೆ. ಬೆಳಗಿನ ದೋಣಿಗೆ ಬಂದು ಮಧ್ಯಾಹ್ನ ಅಂಗಳಕ್ಕಿಳಿದವರಿಗೆ ಕಾಣುವುದು ಗೋಡೆಗೆ ತೂಗುಹಾಕಿದ ಪೂತನಿ, ರಾವಣ, ನರಸಿಂಹ. ಎರಡು ದಿನ ಬಿಟ್ಟು ಅದೇ ಅಂಗಳಕ್ಕೆ ಮತ್ತೆ ಹೋದವರಿಗೆ ಮಾತ್ರ ಬಿದಿರಿನ ಬುಟ್ಟಿಯಂತಿದ್ದದ್ದಕ್ಕೆ ಮೂಗು ಬಂದಿರುವುದು ಕಾಣುತ್ತದೆ.

ಈ ಮುಖವಾಡಗಳು ಗೋಡೆಗೆಂದು ಹುಟ್ಟಿದವಲ್ಲ ಎಂಬುದನ್ನು ಕನ್ನಡಿಗರಿಗೆ ಹೆಚ್ಚು ವಿವರಿಸಬೇಕಿಲ್ಲ. ಶಂಕರದೇವರು ಕಟ್ಟಿದ ಅಂಕಿಯಾ ನಾಟಗಳನ್ನು ನಾಮಘರ್‌ನಲ್ಲಿ ರಾತ್ರಿ ಆಡುತ್ತಾರೆ. ಆ ಆಟಕ್ಕೆ ಭಾವನಾ ಎಂದು ಹೆಸರು. ನಮ್ಮ ಯಕ್ಷಗಾನದಲ್ಲಿ ಭಾಗವತರು ಆಟವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದು ನಡೆಸುವಂತೆ ಅಲ್ಲಿ ಸೂತ್ರಧಾರ ರಂಗ ಬಿಟ್ಟು ಕದಲುವುದಿಲ್ಲ. ಹಾಡುತ್ತಾನೆ, ಕುಣಿಯುತ್ತಾನೆ, ಕಥೆ ಬಿಡಿಸಿ ಹೇಳುತ್ತಾನೆ. ನಮ್ಮ ಬಯಲುಸೀಮೆಯ ಸೋಮನ ಕುಣಿತದಲ್ಲಿ ಮುಖವಾಡಕ್ಕೆ ಪೂಜೆ ಸಲ್ಲುವುದನ್ನು ಕಂಡವರಿಗೆ ಮುಖವಾಡವೆಂದರೆ ಅಲಂಕಾರದ ವಸ್ತುವಲ್ಲ ಎಂಬುದೂ ಗೊತ್ತು. ಚಾಮಾಗುರಿಯ ಹೇಮಚಂದ್ರ ಗೋಸ್ವಾಮಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. 2024ರಲ್ಲಿ ಮಾಜುಲಿಯ ಮುಖವಾಡಕ್ಕೂ ಅಲ್ಲಿನ ಹಸ್ತಪ್ರತಿ ಚಿತ್ರಕಲೆಗೂ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಹಸ್ತಪ್ರತಿಯದು ಇನ್ನೂ ನಿಧಾನದ ಕೆಲಸ. ಅಗರು ಮರದ ತೊಗಟೆಯನ್ನು ಸುಲಿದು, ಒಣಗಿಸಿ, ಹಾಳೆಯ ಅಳತೆಗೆ ಕತ್ತರಿಸಿ, ರುಬ್ಬಿದ ಉದ್ದಿನ ಲೇಪ ಕೊಟ್ಟು, ಹರಿತಾಳ ಬಳಿದು, ಉಜ್ಜಿ ಸಾಂಚಿಪಾತ್ ಸಿದ್ಧ ಮಾಡುತ್ತಾರೆ. ಬರೆಯುವ ಮಸಿಗೆ ಅಳಲೆಕಾಯಿ, ಗೋಮೂತ್ರ. ಉದ್ದು ತೊಗಟೆಗೆ ನುಣುಪು ಕೊಡುತ್ತದೆ, ಹರಿತಾಳದ ವಿಷಕ್ಕೆ ಹುಳು ಬರುವುದಿಲ್ಲ. ನದಿಯ ತೇವದಲ್ಲಿ ಶತಮಾನಗಳ ಪುಸ್ತಕಗಳು ಉಳಿದು ಬಂದದ್ದು ಈ ಅಡುಗೆಮನೆಯ ವಿದ್ಯೆಯಿಂದ. ಕಲೆ ಒಂದು ಕಡೆ, ಊಟ ಒಂದು ಕಡೆ ಎಂದು ಪ್ರವಾಸದ ಪಟ್ಟಿಯಲ್ಲಿ ಬೇರೆ ಬೇರೆ ಬರೆದುಕೊಂಡವರಿಗೆ ಈ ನಂಟು ತಪ್ಪಿಹೋಗುತ್ತದೆ.

ಮುಖವಾಡಕ್ಕೆ ಬೇಕಾದಂಥ ಕುಂಬಾರರ ಮಣ್ಣಿನ ಊರು ಸಲ್‌ಮೋರಾ, ದ್ವೀಪದ ಅಂಚಿನಲ್ಲಿದೆ. ಇಲ್ಲಿ ಮಡಕೆ ಮಾಡುವವರು ಹೆಂಗಸರು, ಅದೂ ತಿಗರಿ ಇಲ್ಲದೆ. ಕೈಯಿಂದ ಆಕಾರ ಕೊಟ್ಟು, ಮರದ ಹಲಗೆಯಿಂದ ತಟ್ಟಿ ತಟ್ಟಿ ಹಿಗ್ಗಿಸುತ್ತಾರೆ. ಗಂಡಸರು ದಡದಲ್ಲಿ ಆಳಕ್ಕೆ ಬಾವಿಯಂತೆ ತೋಡಿ ಜಿಗುಟು ಮಣ್ಣು ತೆಗೆಯುತ್ತಾರೆ, ನದಿಯಲ್ಲಿ ತೇಲಿ ಬಂದ ಕಟ್ಟಿಗೆಯಿಂದ ಆವಿಗೆ ಸುಡುತ್ತಾರೆ, ಮಡಕೆಗಳನ್ನು ದೋಣಿಗೆ ತುಂಬಿಕೊಂಡು ನದೀತೀರದ ಹಳ್ಳಿಗಳಿಗೆ ಹೋಗಿ ಬತ್ತಕ್ಕೆ ಬದಲು ಕೊಟ್ಟು ಬರುವ ವಾಡಿಕೆ ಹಿಂದಿನಿಂದ ಬಂದದ್ದು. ಕೊರೆತಕ್ಕೆ ಹೆದರಿ ದಡದ ಮಣ್ಣು ತೆಗೆಯುವುದಕ್ಕೆ ನಿರ್ಬಂಧ ಬಂದಾಗ ಈ ಊರಿನವರ ಅನ್ನಕ್ಕೇ ಕುತ್ತು ಬಂತು. ದ್ವೀಪ ಉಳಿಯಬೇಕು, ಕುಂಬಾರಿಕೆಯೂ ಉಳಿಯಬೇಕು ಎಂಬ ಎರಡು ನ್ಯಾಯಗಳು ಇಲ್ಲಿ ಎದುರಾಬದುರಾ ನಿಂತಿವೆ. ಸಲ್‌ಮೋರಾದಲ್ಲಿ ಒಂದು ಮಧ್ಯಾಹ್ನ ಕೂರದೆ ಮಾಜುಲಿಯ ಕಲೆಯನ್ನು ಬಲ್ಲೆವೆಂದು ಹೇಳಬಾರದು.

ಇನ್ನು ಊಟ. ಅಸ್ಸಾಮಿನಲ್ಲಿ ಜೊಲ್‌ಪಾನ್ ಎಂಬ ಬೆಳಗಿನ ತಿಂಡಿಗೆ ಕೋಮಲ್ ಚಾವಲ್ ಎಂಬ ಅಕ್ಕಿ ಇದೆ. ನಮ್ಮ ಅವಲಕ್ಕಿಯ ಹಾಗೆ ಕುಟ್ಟಿ ಚಪ್ಪಟೆ ಮಾಡಿದ್ದಲ್ಲ, ಇಡೀ ಕಾಳು. ಬತ್ತವನ್ನು ಮೊದಲೇ ಕುಚ್ಚಲು ಮಾಡಿ ಒಣಗಿಸಿರುತ್ತಾರೆ. ಈ ತಳಿಗಳಲ್ಲಿ ಅಮೈಲೋಸ್ ಎಂಬ ಪಿಷ್ಟಾಂಶ ತೀರ ಕಡಿಮೆ. ಹಾಗಾಗಿ ತಣ್ಣೀರಲ್ಲಿ ಸ್ವಲ್ಪ ಹೊತ್ತು ನೆನೆದರೆ ಸಾಕು, ಬೆಂಕಿಯ ಹಂಗಿಲ್ಲದೆ ಅನ್ನವಾಗುತ್ತದೆ. ಮೊಸರು, ಬೆಲ್ಲ ಹಾಕಿ ಉಣ್ಣುವುದು. ಮನೆಯೊಳಗೆ ನೀರು ನುಗ್ಗಿ ಒಲೆ ಉರಿಯದ ದಿನಗಳಿರುವ ನಾಡಿಗೆ ಇದಕ್ಕಿಂತ ಒಳ್ಳೆಯ ಅಕ್ಕಿ ಯಾವುದು? ಬಾವೊ ಧಾನ್ ಎಂಬ ಕೆಂಪು ಬತ್ತದ್ದು ಇನ್ನೊಂದು ಬಗೆ. ಮಾರ್ಚ್ ಏಪ್ರಿಲ್‌ನಲ್ಲಿ ಬಿತ್ತಿದರೆ ಮಳೆಗಾಲದಲ್ಲಿ ನೆರೆ ಏರಿದಷ್ಟೂ ಅದರ ಕಾಂಡವೂ ಏರುತ್ತದೆ, ತೆನೆ ನೀರಿನ ಮೇಲೆ ತಲೆಯೆತ್ತಿ ನಿಲ್ಲುತ್ತದೆ. ಕೊಯ್ಲು ಡಿಸೆಂಬರ್ ಹೊತ್ತಿಗೆ. ಬ್ರಹ್ಮಪುತ್ರಾ ಕಣಿವೆಯಲ್ಲಿ ಬೆಳೆದ ಈ ಕೆಂಪಕ್ಕಿ 2021ರಲ್ಲಿ ಅಮೆರಿಕಕ್ಕೂ ರಫ್ತಾಯಿತು. ಬಾಳೆಕಾಯಿಯ ಸಿಪ್ಪೆಯನ್ನು ಸುಟ್ಟು ಬೂದಿ ಸೋಸಿ ತೆಗೆದ ಖಾರ್ ಹಾಕಿ ಪಪ್ಪಾಯಿಕಾಯಿ ಬೇಯಿಸುತ್ತಾರೆ. ಊಟ ಶುರುವಾಗುವುದು ಆ ಕ್ಷಾರದ ರುಚಿಯಿಂದ. ಕಡೆಗೆ ಟೆಂಗಾ, ಹುಳಿ. ಅದಕ್ಕೆ ಹಾಕುವ ಥೆಕೆರಾ ಮಲೆನಾಡಿನವರಿಗೆ ಅಪರಿಚಿತವಲ್ಲ. ನಮ್ಮ ಮುರುಗಲು, ಉಪ್ಪಾಗೆಗಳ ಕುಲಕ್ಕೇ ಸೇರಿದ ಹಣ್ಣು, ಅದೇ ರೀತಿ ಹೋಳು ಮಾಡಿ ಒಣಗಿಸಿಡುತ್ತಾರೆ.

ದ್ವೀಪದ ಜನರಲ್ಲಿ ದೊಡ್ಡ ಪಾಲು ಮಿಸಿಂಗ್ ಸಮುದಾಯದವರು. ಅರುಣಾಚಲದ ಬೆಟ್ಟಗಳಿಂದ ತಲೆಮಾರುಗಳ ಹಿಂದೆ ನದಿಯ ಬಯಲಿಗೆ ಇಳಿದು ಬಂದವರು. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಚಾಂಗ್ ಘರ್ ಅವರ ಮನೆ. ನೆರೆ ಬಂದರೆ ನೀರು ಮನೆಯ ಕೆಳಗೆ ಹರಿದು ಹೋಗುತ್ತದೆ. ಬೇಸಗೆಯಲ್ಲಿ ಅದೇ ಕೆಳಜಾಗದಲ್ಲಿ ಮಗ್ಗ ನಿಲ್ಲಿಸಿ ಹೆಂಗಸರು ನೇಯುತ್ತಾರೆ. ಮನೆಯ ನಡುವೆ ಮೆರಾಮ್ ಎಂಬ ಒಲೆ, ಅದರ ಮೇಲೆ ಅಟ್ಟಣೆಗಳನ್ನು ತೂಗಿಬಿಟ್ಟು ಮೀನು, ಮಾಂಸ ಹೊಗೆಗೆ ಇಡುತ್ತಾರೆ. ಒಣಮೀನನ್ನು ಸೊಪ್ಪು ದಂಟುಗಳ ಜೊತೆ ಕುಟ್ಟಿ ಬಿದಿರಿನ ಕೊಳವೆಯಲ್ಲಿ ತುಂಬಿಟ್ಟದ್ದು ನಾಮ್‌ಸಿಂಗ್. ಎಲೆಯಲ್ಲಿ ಸುತ್ತಿ ಬೇಯಿಸಿದ ಅನ್ನ ಪುರಾಂಗ್ ಆಪಿನ್. ಫೆಬ್ರವರಿಯಲ್ಲಿ, ಫಾಗುನ ಮಾಸದ ಮೊದಲ ಬುಧವಾರ ಬಿತ್ತನೆಯ ಹಬ್ಬವಾದ ಅಲಿ-ಆಯೆ-ಲಿಗಾಂಗ್ ಬಂದಾಗ ಮನೆಮನೆಯಲ್ಲೂ ಅದು ಇರಲೇಬೇಕು. ಅಕ್ಕಿಯಿಂದ ಮಾಡುವ ಆಪೊಂಗ್ ಎಂಬ ಪಾನೀಯದಲ್ಲಿ ಬಿಳಿಯದು ನೊಗಿನ್, ಹೊಟ್ಟು ಸುಟ್ಟ ಬೂದಿ ಬೆರೆಸಿದ ಕಪ್ಪನೆಯದು ಪೊರೊ. ಕಾಡಿನ ಹಲವು ಎಲೆಗಳನ್ನು ಅಕ್ಕಿಹಿಟ್ಟಿನೊಂದಿಗೆ ಕಲಸಿ ಮಾಡಿದ ಬಿಲ್ಲೆಯಿಂದ ಅದಕ್ಕೆ ಹುಳಿ ಬರಿಸುತ್ತಾರೆ. ಹದಕ್ಕೆ ಬರಲು ದಿನಗಳೇ ಬೇಕು. ಮೆರಾಮ್‌ನ ಸುತ್ತ ಮನೆಯವರ ಜೊತೆ ಇಬ್ಬರು ಅತಿಥಿಗಳಿಗೆ ಜಾಗ ಇರುತ್ತದೆ. ಇಪ್ಪತ್ತು ಜನರಿಗೆ ಇರುವುದಿಲ್ಲ. ಇಪ್ಪತ್ತು ಜನರಿಗೆ ಅಡುಗೆ ಎಂದಾಗ ಮನೆಯವರು ಹೊರಗೆ ಪೆಂಡಾಲ್ ಹಾಕಿ, ಎಲ್ಲರಿಗೂ ಒಗ್ಗುವ ಪಲ್ಯ ಸಾರು ಮಾಡಿ ಬಡಿಸುತ್ತಾರೆ. ಅದು ಅವರ ತಪ್ಪಲ್ಲ. ಅಷ್ಟು ಜನರಿಗೆ ನಾಮ್‌ಸಿಂಗ್ ಕುಟ್ಟಿಡುವ ಮನೆ ಎಲ್ಲೂ ಇಲ್ಲ.

ಹಾಗಾದರೆ ಒಬ್ಬರೇ ಹೋದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಒಬ್ಬಂಟಿಯಾಗಿ ಹೋಗುವವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಆದರೆ ಮಾಜುಲಿಯ ಬದುಕು ಹಂಚಿಕೊಂಡಿರುವ ರೀತಿ ನೋಡಿ. ಸತ್ರದ ಹಾಟಿಗಳಲ್ಲಿ ಗಂಡಸರದೇ ಲೋಕ; ಅಲ್ಲಿ ಅಡುಗೆಯೂ ಅವರದೇ, ನೃತ್ಯವೂ ಅವರದೇ. ಮಗ್ಗ, ಆಪೊಂಗ್, ಸಲ್‌ಮೋರಾದ ಮಡಕೆ ಹೆಂಗಸರ ಕೈಯಲ್ಲಿವೆ. ಒಬ್ಬರೇ ಹೋದವರು ತಮಗೆ ಸುಲಭವಾಗಿ ಬಾಗಿಲು ತೆರೆದ ಕಡೆಗೇ ಹೆಚ್ಚು ಹೊತ್ತು ಕಳೆಯುತ್ತಾರೆ, ಅದು ಮನುಷ್ಯ ಸಹಜ. ಹೆಂಡತಿ ಮಗ್ಗದ ಪಕ್ಕ ಕೂತು ದಾರದ ಲೆಕ್ಕ ಕೇಳುತ್ತಿರುವ ಹೊತ್ತಿಗೆ ಗಂಡ ಮುಖವಾಡದ ಅಂಗಳದಲ್ಲಿರಬಹುದು. ಇಲ್ಲವೇ ಗಂಡನಿಗೆ ಒಲೆಯ ಮೇಲೆ ಮನಸ್ಸು, ಹೆಂಡತಿಗೆ ಖೋಲ್ ನಾದದ ಮೇಲೆ. ಸಂಜೆ ಇಬ್ಬರೂ ಕೂತು ಕಂಡದ್ದನ್ನು ಒಬ್ಬರಿಗೊಬ್ಬರು ಹೇಳುವಾಗ ಮಣ್ಣು, ಬಿದಿರು, ಅಕ್ಕಿ, ಬೂದಿ ಎಲ್ಲ ಕಡೆಯೂ ಬಂದವಲ್ಲ ಎಂಬುದು ಹೊಳೆಯುತ್ತದೆ. ಮನೆಯವರ ದೃಷ್ಟಿಯಿಂದಲೂ ಒಂದು ಮಾತಿದೆ. ಸಂಸಾರವಿರುವ ಮನೆಗೆ ದಂಪತಿ ಬಂದರೆ ಅವರು ನೆಂಟರ ಸಾಲಿಗೆ ಬೇಗ ಸೇರುತ್ತಾರೆ. ಮಕ್ಕಳೆಷ್ಟು, ಊರಲ್ಲಿ ಮಳೆ ಹೇಗೆ ಎಂಬ ಮಾತು ಎರಡೂ ಕಡೆಯಿಂದ ಹೊರಡುತ್ತದೆ.

ಅಸಲಿ ಆಕ್ಷೇಪ ಹಣದ್ದು. ಬಡ ಜಿಲ್ಲೆ ಅದು, ನೆರೆ ಬಂದು ಬೆಳೆ ಕೊಚ್ಚಿಹೋಗುವ ಜಿಲ್ಲೆ. ಜನ ಸಾವಿರಗಟ್ಟಲೆ ಬಂದರೆ ನಾಲ್ಕು ಕಾಸು ಬರುತ್ತದೆ, ಇಬ್ಬರಿಬ್ಬರೇ ಬನ್ನಿ ಎನ್ನುವುದು ಹೊಟ್ಟೆ ತುಂಬಿದವರ ಮಾತು ಎಂಬ ವಾದ. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಹಣ ಯಾರ ಕೈ ಸೇರುತ್ತದೆ ಎಂದು ನೋಡಬೇಕು. ಆಚೆ ದಡದ ಕಡೆಯ ಜೋರ್ಹಾಟ್ ಪಟ್ಟಣದಿಂದ ವಾಹನ ಮಾಡಿಕೊಂಡು ನಿಮಾತಿ ಘಾಟ್‌ಗೆ ಬಂದು, ಬೆಳಗಿನ ಫೆರಿ ಹತ್ತಿ, ಕಮಲಾಬಾರಿಯಲ್ಲಿ ಇಳಿದು, ಎರಡು ಸತ್ರ, ಒಂದು ಮುಖವಾಡದ ಮನೆ ನೋಡಿ ಸಂಜೆಯ ಫೆರಿಗೆ ಮರಳುವ ತಂಡ ಖರ್ಚು ಮಾಡುವುದು ಬಹುಪಾಲು ಜೋರ್ಹಾಟ್‌ನ ಹೋಟೆಲಿಗೆ, ವಾಹನಕ್ಕೆ. ದ್ವೀಪದಲ್ಲಿ ಬಿಡುವುದು ಖಾಲಿ ಬಾಟಲಿ. ಬಿದಿರಿನ ಮನೆಯಲ್ಲಿ ನಾಲ್ಕು ರಾತ್ರಿ ತಂಗಿದ ಇಬ್ಬರು ಬಾಡಿಗೆ, ಊಟ, ಸೈಕಲ್ಲು, ದೋಣಿ, ಒಂದು ಗದು ಹೊದಿಕೆ, ಒಂದು ಮುಖವಾಡ, ಎಲ್ಲದಕ್ಕೂ ಕೊಡುವ ಹಣ ಅಲ್ಲಿನ ಮನೆಗಳಿಗೇ ಸೇರುತ್ತದೆ. ಇನ್ನೂ ಒಂದು ಮಾತು. ಅವಸರದ ಗಿರಾಕಿಗೆ ಬೇಕಾಗುವುದು ಕೈಚೀಲದಲ್ಲಿ ಹಿಡಿಸುವ, ಅಗ್ಗದ, ಅಂಗೈಯಗಲದ ಮುಖವಾಡ. ಅದಕ್ಕೆ ಬೇಡಿಕೆ ಹೆಚ್ಚಿದಷ್ಟೂ ಬಿದಿರು ಹೆಣೆಯುವ ಕೈ ಅಚ್ಚು ಒತ್ತುವ ಕೈಯಾಗುತ್ತದೆ. ಕೆಲಸ ನೋಡಿದವರು ಬೆಲೆ ಕೇಳಿ ಚೌಕಾಸಿ ಮಾಡುವುದಿಲ್ಲ, ಹದಿನೈದು ದಿನದ ದುಡಿಮೆ ಏನೆಂದು ಅವರಿಗೆ ಗೊತ್ತಿರುತ್ತದೆ.

ಭಕ್ತಿಯ ಜಾಗವನ್ನು ನೋಡುವ ಜಾಗ ಮಾಡಬಹುದೇ ಎಂಬ ಆಕ್ಷೇಪವೂ ಉಂಟು. ಸತ್ರಗಳು ತಮ್ಮ ಮಿತಿಯನ್ನು ತಾವೇ ಹಾಕಿಕೊಂಡಿವೆ. ಚಪ್ಪಲಿ ಹೊರಗೆ, ಕೂರುವುದು ನೆಲದ ಮೇಲೆ, ಮಣಿಕೂಟದ ಬಳಿಗೆ ಹೋಗುವಂತಿಲ್ಲ, ಕೇಳದೆ ಚಿತ್ರ ತೆಗೆಯುವಂತಿಲ್ಲ. ಆ ಮಿತಿಯೊಳಗೆ ಇರುವವರಿಗೆ ಬಾಗಿಲು ಮುಚ್ಚಿದ ಸಂಪ್ರದಾಯ ಅದಲ್ಲ. ಶಂಕರದೇವರು ನಾಟಕ ಕಟ್ಟಿದ್ದೇ ಓದು ಬರಹ ಬಾರದವರೂ ಭಾಗವತದ ಕಥೆ ಕಣ್ಣಾರೆ ಕಾಣಲಿ ಎಂದು. ಇನ್ನು ಊಟದ ವಿಷಯದಲ್ಲಿ, ಸಸ್ಯಾಹಾರಿಗಳಿಗೆ ಅಲ್ಲಿ ಏನಿದೆ ಎಂದು ಕೇಳುವವರಿಗೆ ಖಾರ್, ಪಪ್ಪಾಯಿ, ಬಗೆಬಗೆಯ ಸೊಪ್ಪು, ಬೇಳೆ, ಕೋಮಲ್ ಚಾವಲ್, ಮೊಸರು, ಬೆಲ್ಲ ಸಾಲದೇ? ಮೊದಲೇ ಹೇಳಿದರೆ ಯಾವ ಮನೆಯವರೂ ಬೇಸರಿಸುವುದಿಲ್ಲ. ಹೊಗೆಗೆ ಇಟ್ಟ ಮೀನಿನ ವಾಸನೆ ಮಾತ್ರ ಮನೆಯಲ್ಲಿ ಇದ್ದೇ ಇರುತ್ತದೆ, ಅದನ್ನು ಒಪ್ಪಿಕೊಂಡೇ ಹೋಗಬೇಕು.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ. ಮುಳುಗುತ್ತಿರುವ ನೆಲಕ್ಕೆ ವಿಹಾರಕ್ಕೆಂದು ಹೋಗುವುದು ಸರಿಯೇ? ಜನ ಮನೆಯ ಕಂಬ ಕಿತ್ತು ಒಡ್ಡಿನ ಮೇಲೆ ಗುಡಿಸಲು ಹಾಕಿಕೊಳ್ಳುವ ಜಾಗದಲ್ಲಿ ನಾವು ಸೂರ್ಯಾಸ್ತ ನೋಡುತ್ತಾ ಕೂರುವುದೇ? ಕಣ್ಮರೆಯಾಗುವ ಮುನ್ನ ನೋಡಿಬಿಡಿ ಎಂದು ಕರೆಯುವ ಜಾಹೀರಾತು ನನಗೆ ಅಸಹ್ಯ. ಸಾಯುವವರ ಮನೆಗೆ ಹೋಗುವವರ ಧಾಟಿ ಅದು. ಮಾಜುಲಿಯವರು ಸಾಯಲು ಕೂತಿಲ್ಲ. 2004ರ ಹೊತ್ತಿಗೆ ದಡ ಕಾಯುವ ಹೊಣೆ ಬ್ರಹ್ಮಪುತ್ರಾ ಮಂಡಳಿಗೆ ಬಂತು. ಅದೇ ವರ್ಷ ಯುನೆಸ್ಕೋದ ವಿಶ್ವಪರಂಪರೆಯ ಸಂಭಾವ್ಯ ಪಟ್ಟಿಗೂ ದ್ವೀಪದ ಹೆಸರು ಹೋಯಿತು, ಇಂದಿಗೂ ಆ ಪಟ್ಟಿಯಲ್ಲೇ ಇದೆ. ದಡದುದ್ದಕ್ಕೂ ಕಾಂಕ್ರೀಟಿನ ಮುಳ್ಳುಕಂಬಗಳನ್ನು ಇಳಿಬಿಟ್ಟು ನೀರಿನ ವೇಗ ತಗ್ಗಿಸುವ ಕೆಲಸ ನಡೆದಿದೆ. ಆಚೆ ದಡದ ಕೋಕಿಲಾಮುಖದ ಬಳಿಯ ಮರಳುದಿಬ್ಬದ ಮೇಲೆ ಜಾದವ್ ಪಾಯೆಂಗ್ ದಶಕಗಳಿಂದ ಗಿಡ ನೆಟ್ಟು ಕಾಡು ಬೆಳೆಸಿದ್ದಕ್ಕೆ 2015ರಲ್ಲಿ ಪದ್ಮಶ್ರೀ ಬಂತು. ಅವರೂ ಮಿಸಿಂಗ್ ಸಮುದಾಯದವರೇ. ನೆಲ ಕುಸಿದಾಗ ಕೆಲಸ ಬಲ್ಲ ಮನೆಗಳು ಒಳನಾಡಿಗೆ ಸರಿದು ಮತ್ತೆ ಅಂಗಳ ಹೂಡಿವೆ. ಅಂಗಳದ ಕೆಲಸಕ್ಕೆ ಗಿರಾಕಿ ಇದ್ದರೆ ಮಕ್ಕಳು ಗುವಾಹಟಿಗೋ ನಮ್ಮ ಬೆಂಗಳೂರಿಗೋ ಕಾವಲುಗಾರರ ಕೆಲಸ ಹುಡುಕಿ ಬರುವುದು ತಪ್ಪಬಹುದು. ಹೋಗದೆ ಇರುವುದರಿಂದ ನದಿ ಒಂದು ಅಡಿಯೂ ಹಿಂದೆ ಸರಿಯುವುದಿಲ್ಲ. ಹೋಗುವ ರೀತಿಯಲ್ಲಿ ಮಾತ್ರ ನಮ್ಮ ಜವಾಬ್ದಾರಿ ಇದೆ.

ಫೆರಿಯ ಬದಲಿಗೆ ಸೇತುವೆ ಬಂದರೆ ಈ ಮಾತೆಲ್ಲ ಏನಾಗುತ್ತದೆ? ಜೋರ್ಹಾಟ್ ಮತ್ತು ಮಾಜುಲಿಯನ್ನು ಕೂಡಿಸುವ ಸೇತುವೆಗೆ 2021ರಲ್ಲಿ ಶಂಕುಸ್ಥಾಪನೆಯಾಗಿದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಿಮಾತಿ ಘಾಟ್ ಬಳಿ ಎರಡು ದೋಣಿಗಳು ಡಿಕ್ಕಿಯಾಗಿ ಜೀವಹಾನಿಯಾಯಿತು. ರಾತ್ರಿ ಹೆರಿಗೆ ನೋವು ಬಂದ ಹೆಂಗಸಿಗೆ ದೋಣಿ ಇಲ್ಲದ ಊರಿನಲ್ಲಿ, ದೋಣಿಯೇ ಚೆಂದ ಎಂದು ಹೊರಗಿನಿಂದ ಬಂದವರು ಹೇಳಬಾರದು. ಸೇತುವೆ ಬೇಕು, ಬೇಗ ಬೇಕು. ಬಂದ ಮೇಲೆ ಬಸ್ಸುಗಳೂ ಬರುತ್ತವೆ. ಆಗ ನಾನು ಹೇಳುತ್ತಿರುವ ಅಳತೆಯನ್ನು ನದಿ ಕಾಯುವುದಿಲ್ಲ, ಹೋಗುವವರೇ ಕಾಯಬೇಕಾಗುತ್ತದೆ. ದ್ವೀಪದವರೂ ಈಗಲೇ ಯೋಚಿಸಬೇಕು: ಬಸ್ಸುಗಳು ಎಲ್ಲಿಯವರೆಗೆ, ಹಾಟಿಯೊಳಗೆ ಒಂದು ಹೊತ್ತಿಗೆ ಎಷ್ಟು ಜನ, ತಂಗುವುದಕ್ಕೆ ಮನೆಗಳೋ ಕಾಂಕ್ರೀಟ್ ರೆಸಾರ್ಟುಗಳೋ. ತೀರ್ಮಾನ ಅವರದು.

ಇನ್ನು ಹೊರಡುವ ದಂಪತಿಗಳಿಗೆ ಕಾಲದ ಮಾತು. ನವೆಂಬರ್‌ನಿಂದ ಮಾರ್ಚ್‌ವರೆಗೆ ನೀರು ಇಳಿದಿರುತ್ತದೆ, ಮುಖವಾಡ ಒಣಗುವ ಬಿಸಿಲೂ ಇರುತ್ತದೆ. ಕಾರ್ತಿಕ ಹುಣ್ಣಿಮೆಯ ಸುಮಾರಿಗೆ ನಡೆಯುವ ರಾಸೋತ್ಸವದ ದಿನಗಳಲ್ಲಿ ಇಡೀ ದ್ವೀಪ ರಂಗಸ್ಥಳವಾಗುತ್ತದೆ, ಜನಸಾಗರವೂ ಸೇರುತ್ತದೆ. ಕೃಷ್ಣನ ಕಥೆ ನೋಡುವ ಆಸೆ ಇದ್ದವರು ತಿಂಗಳುಗಳ ಮೊದಲೇ ಮನೆ ಗೊತ್ತು ಮಾಡಿಕೊಂಡು ಹೋಗಲಿ. ಕೆಲಸ ನೋಡಬೇಕು, ಒಲೆಯ ಬಳಿ ಕೂರಬೇಕು ಎನ್ನುವವರಿಗೆ ಡಿಸೆಂಬರ್ ಒಳ್ಳೆಯದು. ಬಾವೊ ಧಾನ್ ಕೊಯ್ಲು ಆಗ ನಡೆಯುತ್ತಿರುತ್ತದೆ, ಮನೆಗಳಲ್ಲಿ ಹೊಸ ಅಕ್ಕಿ ಇರುತ್ತದೆ.